ಹಳೆಯ ಕ್ಯಾರವಾನ್ ರಿಪೇರಿ: ನಮ್ಮ ಮನೆ ಅಂಗಳದಿಂದ ಬ್ರೋಕನ್ ಹಿಲ್, ಹಾಕರ್‌ವರೆಗೆ

2023ರ ಫೆಬ್ರವರಿ 11ರಂದು ಕ್ಯಾರವಾನ್ (ಕಾರಿನ ಹಿಂದೆ ಎಳೆದೊಯ್ಯುವ ಮನೆಗಾಡಿ) ಮೆಲ್ಬರ್ನ್‌ನ ಟಾರ್ನೀಟ್ ಬಡಾವಣೆಯ ನಮ್ಮ ಮನೆ ಮುಂದೆ ಬಂದು ನಿಂತಿತು. ಸೆಪ್ಟೆಂಬರ್ 16ಕ್ಕೆ ಅದನ್ನು ಎಳೆದುಕೊಂಡು ಹೊರಟೆವು. ನಡುವಿನ ಏಳು ತಿಂಗಳ ಶನಿವಾರ, ಭಾನುವಾರಗಳು ಹೇಗೆ ಹೋದವು ಅನ್ನೋದನ್ನು ಇಲ್ಲಿ ಬರೆಯುತ್ತಿದ್ದೇನೆ. ಮೆಲ್ಬರ್ನ್‌ನಲ್ಲಿ ನನಗೆ ಗೊತ್ತಿರುವ ಎರಡು ಮೂರು ಕನ್ನಡದ ಮನೆಯವರು ಹಳೆಯ ಕ್ಯಾರವಾನ್ ಹುಡುಕುತ್ತಿದ್ದಾರೆ. ಅವರಿಗೆ ನನ್ನ ನೋಟ್‌ಬುಕ್ ಉಪಯೋಗಕ್ಕೆ ಬರಲಿ. ತಪ್ಪುಗಳನ್ನೂ, ಅವಕ್ಕೆ ಹೋದ ದುಡ್ಡನ್ನೂ ಬಿಟ್ಟಿಲ್ಲ.

ಗಾಡಿ 1986ರದು. 16 ಅಡಿ ಉದ್ದ, ಒಂದೇ ಆಕ್ಸಲ್ (ಚಕ್ರದ ಅಚ್ಚು). ಒಳಗೆ ಮರದ ಚೌಕಟ್ಟು, ಹೊರಗೆ ಅಲ್ಯೂಮಿನಿಯಂ ತಗಡು. ಖಾಲಿ ತೂಕ 1,080 ಕೆ.ಜಿ., ತುಂಬಿದ ಮೇಲೆ 1,500 ದಾಟಬಾರದು ಅಂತ ಪ್ಲೇಟಿನ ಮೇಲಿದೆ. ಕೊಟ್ಟ ಬೆಲೆ 6,800 ಡಾಲರ್. ಎಳೆಯುವುದು ನಮ್ಮ ಡೀಸೆಲ್ ಪ್ರಾಡೊ ಕಾರು.

1. ಮುಂದಿನ ಕಿಟಕಿಯ ಕೆಳಗೆ (ಫೆಬ್ರವರಿ 18 – ಏಪ್ರಿಲ್ 2)

ಕೊಳ್ಳುವಾಗ ನಾನು ನೋಡಿದ್ದು ದಿಂಬು, ಪರದೆ, ಒಲೆ, ಫ್ರಿಜ್. ಎಲ್ಲಾ ಚೊಕ್ಕಟವಾಗಿತ್ತು. ನೋಡಬೇಕಾಗಿದ್ದು ಮುಂದಿನ ಕಿಟಕಿಯ ಕೆಳಗಿನ ಗೋಡೆ. ಅಲ್ಲಿ ಹೆಬ್ಬೆರಳು ಒತ್ತಿ ನೋಡಲಿಲ್ಲ. ಮನೆಗೆ ತಂದು ವಾರವಾದ ಮೇಲೆ ಒತ್ತಿದೆ. ಬೆರಳು ಒಳಗೆ ಹೋಯಿತು, ನೆನೆದ ರಟ್ಟಿನ ಹಾಗೆ.

ಒಳಗಿನ 3 ಮಿ.ಮೀ. ಪ್ಲೈವುಡ್ ಬಿಚ್ಚಿದೆ. ಹಿಂದಿನ ಮೆರಾಂಟಿ ಮರದ ಪಟ್ಟಿಗಳು ಕಪ್ಪಾಗಿದ್ದವು. ಕಿಟಕಿಯ ಕೆಳಗಿನ ಅಡ್ಡಪಟ್ಟಿ ಕೈಯಲ್ಲೇ ಪುಡಿಯಾಯಿತು. ನಿಂತ ಪಟ್ಟಿಗಳಲ್ಲಿ ಎರಡು ಕೆಳಗಿನ ಒಂದು ಅಡಿಯಷ್ಟು ಹೋಗಿದ್ದವು. 45 ಡಾಲರ್ ಕೊಟ್ಟು ತೇವ ಅಳೆಯುವ ಮೀಟರ್ ತಂದೆ. 28 ಪರ್ಸೆಂಟ್ ತೋರಿಸಿತು. ಈ ಮೀಟರ್ ಗಾಡಿ ನೋಡಲು ಹೋಗುವ ಮೊದಲೇ ನನ್ನ ಜೇಬಿನಲ್ಲಿರಬೇಕಿತ್ತು.

ಕೊಳೆತದ್ದನ್ನು ಗಟ್ಟಿ ಮರ ಸಿಗುವವರೆಗೂ ಕತ್ತರಿಸಿ ತೆಗೆದೆ. ಹೊಸ ಪಟ್ಟಿಗೂ ಹಳೆಯದಕ್ಕೂ 100 ಮಿ.ಮೀ. ಅರ್ಧ ಅರ್ಧ ಕೆತ್ತಿ, ಒಂದರ ಮೇಲೊಂದು ಕೂರಿಸಿ, ಅಂಟು ಹಾಕಿ ಸ್ಕ್ರೂ ಬಿಗಿದೆ. ಮರಗೆಲಸ ನನಗೆ ಹೊಸದು. ಆದರೂ ಇಲ್ಲಿ ತೊಂದರೆ ಆಗಲಿಲ್ಲ. ತೊಂದರೆ ಆದದ್ದು ನೀರು ತಡೆಯುವ ಕೆಲಸದಲ್ಲಿ.

ಮೊದಲ ಪ್ರಯತ್ನ: ಕಿಟಕಿ ಬಿಚ್ಚುವುದು ರಗಳೆ ಅಂತ ಹೊರಗಿನಿಂದಲೇ ಅಂಚಿನ ಸುತ್ತ ಸಿಲಿಕೋನ್ ಎಳೆದೆ. ಎರಡು ಟ್ಯೂಬ್, 24 ಡಾಲರ್. ಮಾರ್ಚ್ ಎರಡನೇ ವಾರ ಮಳೆ ಬಂತು. ಹೊಸ ಮರದ ಮೇಲೆ ನೀರಿನ ಗೆರೆ ಕಾಣಿಸಿತು.

ಇಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಸಿಲಿಕೋನ್ ಒಂದು ಸಲ ಹಚ್ಚಿದ ಜಾಗಕ್ಕೆ ಬೇರೆ ಯಾವುದೂ ಅಂಟುವುದಿಲ್ಲ, ಹೊಸ ಸಿಲಿಕೋನ್ ಕೂಡ ಸರಿಯಾಗಿ ಕೂರುವುದಿಲ್ಲ. ಪ್ಲಾಸ್ಟಿಕ್ ಬ್ಲೇಡಿನಿಂದ ಕೆರೆದು, ಸ್ಪಿರಿಟ್ ಹಾಕಿ ಒರೆಸಿ, ಮತ್ತೆ ಕೆರೆಯಬೇಕು. ಎರಡು ವಾರಾಂತ್ಯ ಹೋಯಿತು. ಹಳೆಯ ಕ್ಯಾರವಾನ್‌ಗೆ ಸಿಲಿಕೋನ್ ಮುಟ್ಟಿಸಬೇಡಿ ಅಂತ ಗೊತ್ತಿದ್ದವರೆಲ್ಲ ಹೇಳುತ್ತಾರೆ. ನಾನು ಹಚ್ಚಿದ ಮೇಲೆ ಕೇಳಿದೆ.

ಎರಡನೇ ಪ್ರಯತ್ನ: ಕಿಟಕಿಯನ್ನು ಪೂರ್ತಿ ಹೊರಗೆ ತೆಗೆದೆ. ಹಳೆಯ ಅಂಟು ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಅದನ್ನೆಲ್ಲ ತೆಗೆದು, ಚೌಕಟ್ಟಿನ ಹಿಂಬದಿಗೆ ಬ್ಯುಟೈಲ್ ಟೇಪ್ (ಮೆತ್ತನೆಯ ರಬ್ಬರ್ ಅಂಟುಪಟ್ಟಿ) ಸುತ್ತಿ, ಕಿಟಕಿ ಕೂರಿಸಿ, ಹೊಸ ಸ್ಟೇನ್‌ಲೆಸ್ ಸ್ಕ್ರೂಗಳನ್ನು ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದೆ. ಟೇಪ್ ನಾಲ್ಕೂ ಕಡೆ ಸಮವಾಗಿ ಹೊರಗೆ ಉಬ್ಬಿ ಬರಬೇಕು. ಒಂದು ದಿನ ಬಿಟ್ಟು ಮತ್ತೆ ಬಿಗಿದು, ಉಬ್ಬಿದ್ದನ್ನು ಕತ್ತರಿಸಿ, ಮೇಲೆ ಪಾಲಿಯುರೆಥೇನ್ ಸೀಲಂಟ್ ಸಣ್ಣಗೆ ಎಳೆದೆ.

ಪರೀಕ್ಷೆಗೆ ತೋಟದ ಪೈಪ್. ಕೆಳಗಿನಿಂದ ಶುರುಮಾಡಿ ನಿಧಾನವಾಗಿ ಮೇಲಕ್ಕೆ, ಒಟ್ಟು 20 ನಿಮಿಷ ನೀರು ಬಿಟ್ಟೆ. ಮೇಲಿನಿಂದ ಸುರಿದರೆ ಎಲ್ಲಿ ಸೋರುತ್ತಿದೆ ಅಂತ ಗೊತ್ತಾಗುವುದಿಲ್ಲ. ಒಂಬತ್ತು ವರ್ಷದ ಮಗಳು ಒಳಗೆ ಟಾರ್ಚ್ ಹಿಡಿದು ಕೂತಿದ್ದಳು. ಒಂದು ಹನಿಯೂ ಬರಲಿಲ್ಲ. ಮೀಟರ್ 14 ತೋರಿಸುವವರೆಗೆ ಕಾದು, ಆಮೇಲೆ ಪ್ಲೈವುಡ್ ಮುಚ್ಚಿದೆ.

ಈ ಗೋಡೆಗೆ ಒಟ್ಟು 310 ಡಾಲರ್, ಮೀಟರೂ ವ್ಯರ್ಥವಾದ ಸಿಲಿಕೋನೂ ಸೇರಿ.

2. ಬೇರಿಂಗ್ (ಏಪ್ರಿಲ್ 22 – 25)

ಏಪ್ರಿಲ್‌ನಲ್ಲಿ ಅಪ್ಪ ಊರಿನಿಂದ ಬಂದರು. ಹರಿಹರದ ಹತ್ತಿರದ ನಮ್ಮ ಹಳ್ಳಿಯಲ್ಲಿ ಅವರು ಇಪ್ಪತ್ತು ವರ್ಷ ಟ್ರ್ಯಾಕ್ಟರ್ ರಿಪೇರಿ ಮಾಡಿದವರು. ಬಂದ ಮೂರನೇ ದಿನ ಕ್ಯಾರವಾನಿನ ಚಕ್ರ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ, "ಇದರ ಬೇರಿಂಗ್ ಯಾವಾಗ ಬಿಚ್ಚಿ ನೋಡಿದ್ದೀಯಪ್ಪಾ?" ಅಂದರು. ನಾನು ನೋಡಿರಲಿಲ್ಲ.

ಆಸ್ಟ್ರೇಲಿಯಾದ ಟ್ರೇಲರ್‌ಗಳಲ್ಲಿ ಎರಡು ಜಾತಿಯ ಬೇರಿಂಗ್ ಜಾಸ್ತಿ ಬಳಕೆಯಲ್ಲಿವೆ. ಒಂದಕ್ಕೆ 'ಹೋಲ್ಡನ್', ಇನ್ನೊಂದಕ್ಕೆ 'ಫೋರ್ಡ್' ಅಂತ ಹೆಸರು. ಹಿಂದಿನ ಕಾಲದ ಕಾರುಗಳಿಂದ ಬಂದ ಹೆಸರುಗಳು. ಗಾಡಿ ಮಾರಿದವರು ಇದು ಹೋಲ್ಡನ್ ಅಂದಿದ್ದರು. ನಾನು ನಂಬಿ ಎರಡು ಚಕ್ರಕ್ಕೂ ಹೋಲ್ಡನ್ ಕಿಟ್ ತಂದಿಟ್ಟುಕೊಂಡೆ. 58 ಡಾಲರ್.

ಶನಿವಾರ ಮಧ್ಯಾಹ್ನ ಎಡಗಡೆ ಚಕ್ರ ಜ್ಯಾಕ್ ಕೊಟ್ಟು ಎತ್ತಿ, ಸ್ಟ್ಯಾಂಡ್ ಇಟ್ಟು, ಡ್ರಮ್ (ಒಳಗೆ ಬ್ರೇಕ್ ಇರುವ ಲೋಹದ ಬಟ್ಟಲು) ಎಳೆದು ತೆಗೆದೆವು. ಹೊಸ ಬೇರಿಂಗನ್ನು ಆಕ್ಸಲ್ ತುದಿಗೆ ಹಿಡಿದರೆ ಒಳಗೇ ಹೋಗಲಿಲ್ಲ. ಅಪ್ಪ ಹಳೆಯ ಬೇರಿಂಗನ್ನು ಡೀಸೆಲ್‌ನಲ್ಲಿ ತೊಳೆದು, ಕನ್ನಡಕ ಹಾಕಿಕೊಂಡು ಅಂಚಿನ ಮೇಲಿದ್ದ ನಂಬರ್ ಓದಿದರು. ಒಳಗಿನದು ಎಲ್68149, ಹೊರಗಿನದು ಎಲ್‌ಎಂ12749. ಅದು ಫೋರ್ಡ್. ನಾನು ತಂದದ್ದು ಎಲ್‌ಎಂ67048 ಮತ್ತು ಎಲ್‌ಎಂ11949.

ವರ್ನಿಯರ್ (ದಪ್ಪ ಅಳೆಯುವ ಸಾಧನ) ಇದ್ದರೆ ಕೊಳ್ಳುವ ಮೊದಲೇ ತಿಳಿಯುತ್ತದೆ. ಆಕ್ಸಲ್ಲಿನ ಮೇಲೆ ಒಳಗಿನ ಬೇರಿಂಗ್ ಕೂರುವ ಜಾಗ ಹೋಲ್ಡನ್‌ನಲ್ಲಿ 31.75 ಮಿ.ಮೀ., ಫೋರ್ಡ್‌ನಲ್ಲಿ ಸುಮಾರು 35. ಹೊರಗಿನದು ಹೋಲ್ಡನ್‌ಗೆ 19, ಫೋರ್ಡ್‌ಗೆ 22. ಹತ್ತಿರದ ಅಂಗಡಿ ಅಷ್ಟು ಹೊತ್ತಿಗೆ ಮುಚ್ಚಿತ್ತು. ಆಕ್ಸಲ್ಲಿಗೂ ಡ್ರಮ್ಮಿಗೂ ಪ್ಲಾಸ್ಟಿಕ್ ಸುತ್ತಿ ಸೋಮವಾರದವರೆಗೆ ಬಿಟ್ಟೆವು. ಸರಿಯಾದ ಕಿಟ್‌ಗೆ 64 ಡಾಲರ್. ಮೊದಲು ತಂದಿದ್ದ ಕಿಟ್ ಅನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ, ಪ್ಯಾಕೆಟ್ ಒಡೆದಿತ್ತು.

25ರಂದು ಆನ್ಜಾಕ್ ದಿನದ (ಯುದ್ಧದಲ್ಲಿ ಮಡಿದ ಸೈನಿಕರ ನೆನಪಿನ ದಿನ) ರಜೆ. ಇಡೀ ದಿನ ಈ ಕೆಲಸ.

ಡ್ರಮ್ಮಿನೊಳಗೆ ಕೂತಿದ್ದ ಹಳೆಯ ಬೇರಿಂಗಿನ ಉಕ್ಕಿನ ಬಳೆಗಳನ್ನು ಹಿತ್ತಾಳೆ ಸರಳಿನಿಂದ ಸುತ್ತಲೂ ಸಮವಾಗಿ ತಟ್ಟಿ ಹೊರಗೆ ತೆಗೆದೆವು. ಬಲಗಡೆಯ ಒಂದು ಬಳೆ ನೀಲಿಗಟ್ಟಿತ್ತು. ಕಾದ ಉಕ್ಕಿನ ಬಣ್ಣ ಅದು. ಅಪ್ಪ ಅದನ್ನು ನನ್ನ ಕೈಗೆ ಕೊಟ್ಟು ಏನೂ ಹೇಳಲಿಲ್ಲ. ನಾನು ಇದೇ ಬೇರಿಂಗ್ ಮೇಲೆ ಬಲ್ಲಾರಟ್ ಕಡೆಯಿಂದ 100 ಕಿ.ಮೀ. ಹತ್ತಿರ ಎಳೆದು ತಂದಿದ್ದೆ.

ಗ್ರೀಸ್ ತುಂಬುವ ಕೆಲಸ ಅಪ್ಪನೇ ಮಾಡಿ ತೋರಿಸಿದರು. ಎಡ ಅಂಗೈಯಲ್ಲಿ ಗ್ರೀಸ್ ಉಂಡೆ. ಬಲಗೈಯಲ್ಲಿ ಬೇರಿಂಗ್ ಹಿಡಿದು ಅದರ ಅಗಲದ ಅಂಚನ್ನು ಅಂಗೈಗೆ ಒತ್ತಿ ಒತ್ತಿ ಎಳೆಯಬೇಕು, ರೋಲರುಗಳ ನಡುವಿನಿಂದ ಗ್ರೀಸ್ ಆ ಕಡೆ ಹೊರಗೆ ಬರುವವರೆಗೆ. ಮೇಲೆ ಸುಮ್ನೆ ಸವರಿದರೆ ಒಳಗೆ ಹೋಗುವುದಿಲ್ಲ. ಚಿಕ್ಕಂದಿನಲ್ಲಿ ಅವರು ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದುದು ನನಗೆ ನೆನಪಿದೆ. ಕೈ ಆಡುವ ರೀತಿ ಅದೇ.

ನಟ್ ಬಿಗಿಯುವ ಕ್ರಮ ಇದು. ಡ್ರಮ್ ತಿರುಗಿಸುತ್ತಾ ಸ್ಪ್ಯಾನರ್‌ನಿಂದ ಬಿಗಿ ಮಾಡಿ, ಬೇರಿಂಗ್ ಕೂರುತ್ತದೆ. ಆಮೇಲೆ ಪೂರ್ತಿ ಸಡಿಲಿಸಿ. ಮತ್ತೆ ಬೆರಳಿನಿಂದ ಮಾತ್ರ ಬಿಗಿ ಮಾಡಿ, ಪಿನ್ ಹೋಗುವ ತೂತು ಸರಿ ಹೊಂದುವಷ್ಟು ಹಿಂದಕ್ಕೆ ತಿರುಗಿಸಿ. ನಾನು ಹಳೆಯ ಸ್ಪ್ಲಿಟ್ ಪಿನ್ ನೆಟ್ಟಗೆ ಮಾಡಿ ಹಾಕಲು ಹೊರಟಿದ್ದೆ. ಅಪ್ಪ ಕಿತ್ತುಕೊಂಡು ಕಸದ ಬುಟ್ಟಿಗೆ ಎಸೆದರು. "ಕಡಾಣಿಯಲ್ಲಿ ಉಳಿತಾಯ ಮಾಡಬಾರದು" ಅಂದರು. ಗಾಡಿಯ ಚಕ್ರ ಕಳಚದ ಹಾಗೆ ಹಿಡಿಯುವುದು ಕಡಾಣಿ. ಇಲ್ಲಿ ಅದೇ ಕೆಲಸ ಈ ಸಣ್ಣ ಪಿನ್ ಮಾಡುತ್ತದೆ, ಬೆಲೆ ಒಂದು ಡಾಲರೂ ಇಲ್ಲ.

3. ಬ್ರೇಕ್ (ಮೇ 6 – 21)

ಇಲ್ಲಿ 750 ಕೆ.ಜಿ. ದಾಟಿದ ಟ್ರೇಲರ್‌ಗೆ ಅದರದೇ ಬ್ರೇಕ್ ಇರಲೇಬೇಕು. ನಮ್ಮದರಲ್ಲಿ 10 ಇಂಚಿನ ಎಲೆಕ್ಟ್ರಿಕ್ ಡ್ರಮ್ ಬ್ರೇಕ್. ಕಾರಿನ ಡ್ಯಾಶ್‌ನಲ್ಲಿರುವ ಕಂಟ್ರೋಲರ್ ಕರೆಂಟ್ ಕಳಿಸಿದರೆ ಚಕ್ರದೊಳಗಿನ ಮ್ಯಾಗ್ನೆಟ್ ಡ್ರಮ್ಮಿಗೆ ಅಂಟಿ ಶೂಗಳನ್ನು (ಡ್ರಮ್ಮನ್ನು ಒಳಗಿನಿಂದ ಒತ್ತಿ ನಿಲ್ಲಿಸುವ ಪಟ್ಟಿಗಳು) ಅಗಲಿಸುತ್ತದೆ.

ಮಲ್ಟಿಮೀಟರ್ ಇಟ್ಟು ನೋಡಿದೆ. ಎಡ ಮ್ಯಾಗ್ನೆಟ್ 3.4 ಓಮ್, ಸರಿ. ಬಲದ್ದು ಏನೂ ತೋರಿಸಲಿಲ್ಲ, ವೈರ್ ಒಳಗೆ ತುಂಡಾಗಿತ್ತು. ಅಂದರೆ ಈ ಗಾಡಿ ಎಷ್ಟು ಕಾಲದಿಂದ ಒಂದೇ ಚಕ್ರದ ಬ್ರೇಕಿನಲ್ಲಿ ಓಡಿದೆಯೋ. 70 ಡಾಲರ್ ಕೊಟ್ಟು ಎರಡು ಮ್ಯಾಗ್ನೆಟ್ ತಂದು ಹಾಕಿದೆ.

ಇಲ್ಲಿ ನನ್ನ ದೊಡ್ಡ ತಪ್ಪು. ಬೇರಿಂಗ್ ಗ್ರೀಸ್ ಇನ್ನೂ ಕೈಗೆ ಮೆತ್ತಿಕೊಂಡಿತ್ತು. ಅದೇ ಕೈಯಲ್ಲಿ ಬಲಗಡೆಯ ಶೂ ಹಿಡಿದೆ. ಲೈನಿಂಗ್ (ಶೂ ಮೇಲಿನ ಉಜ್ಜುವ ಪದರ) ಮೇಲೆ ನಾಲ್ಕು ಬೆರಳಿನ ಗುರುತು ಬಿತ್ತು. ಬ್ರೇಕ್ ಕ್ಲೀನರ್ ಹೊಡೆದೆ, ಮರಳು ಕಾಗದದಿಂದ ಉಜ್ಜಿದೆ, ಕಣ್ಣಿಗೆ ಕಾಣದಂತಾಯಿತು. ಸರಿಹೋಯಿತು ಅಂದುಕೊಂಡೆ. ಭಾನುವಾರ ಬೆಳಿಗ್ಗೆ ಕೈಗಾರಿಕಾ ಪ್ರದೇಶದ ಖಾಲಿ ರಸ್ತೆಯಲ್ಲಿ 25 ಕಿ.ಮೀ. ವೇಗದಲ್ಲಿ ಕಂಟ್ರೋಲರಿನ ಗುಂಡಿ ಒತ್ತಿದರೆ ಗಾಡಿ ಎಡಕ್ಕೆ ಎಳೆಯಿತು. ನಾಲ್ಕು ಸಲ ಮಾಡಿದೆ, ನಾಲ್ಕೂ ಸಲ ಎಡಕ್ಕೇ. ಲೈನಿಂಗ್ ಗ್ರೀಸನ್ನು ಒಳಗೆ ಕುಡಿದುಬಿಟ್ಟಿತ್ತು.

ಕೊನೆಗೆ ಶೂ, ಮ್ಯಾಗ್ನೆಟ್, ಸ್ಪ್ರಿಂಗ್ ಎಲ್ಲಾ ಸೇರಿಸಿ ಬರುವ ಬ್ಯಾಕಿಂಗ್ ಪ್ಲೇಟ್‌ಗಳನ್ನೇ ಜೋಡಿಯಾಗಿ ತಂದೆ, 150 ಡಾಲರ್. ನಾಲ್ಕು ಬೋಲ್ಟ್, ಎರಡು ವೈರ್, ಒಂದು ಮಧ್ಯಾಹ್ನದ ಕೆಲಸ. ಎಡ ಬಲ ಬೇರೆ ಬೇರೆ ಇರುತ್ತವೆ, ಅದಲು ಬದಲು ಮಾಡಬಾರದು. ಮೊದಲೇ ಇದನ್ನೇ ಮಾಡಿದ್ದರೆ ಮ್ಯಾಗ್ನೆಟ್‌ನ 70 ಡಾಲರ್ ಉಳಿಯುತ್ತಿತ್ತು. ಹಿಂಬದಿಯ ಸಣ್ಣ ಕಿಂಡಿಯಿಂದ ಹಲ್ಲಿನ ಚಕ್ರ ತಿರುಗಿಸಿ, ಡ್ರಮ್ ಉಜ್ಜುವವರೆಗೆ ಬಿಗಿ ಮಾಡಿ, ಆಮೇಲೆ ಸಡಿಲಿಸಿದೆ. ಬಲಗಡೆ ಸಾಕಷ್ಟು ಸಡಿಲಿಸಿರಲಿಲ್ಲ. ಅದು ಗೊತ್ತಾದದ್ದು ದಾರಿಯಲ್ಲಿ.

4. ಟೈರ್ ಮತ್ತು ಗ್ಯಾಸ್ (ಮೇ 27, ಜೂನ್ 8)

ಟೈರಿನ ಹಲ್ಲು ಹೊಸದರಂತಿತ್ತು. ಪಕ್ಕದಲ್ಲಿ ಕೊನೆಯ ನಾಲ್ಕು ಅಂಕಿ 3411. ಅಂದರೆ 2011ರ 34ನೇ ವಾರ ತಯಾರಾದದ್ದು. ಕ್ಯಾರವಾನ್ ಟೈರ್ ಸವೆದು ಹಾಳಾಗುವುದಕ್ಕಿಂತ ನಿಂತಲ್ಲೇ ಬಿಸಿಲಿಗೆ ಒಣಗಿ ಹಾಳಾಗುವುದೇ ಜಾಸ್ತಿ. ಸ್ಪೇರ್ ಇನ್ನೂ ಹಳೆಯದು. ಭಾರದ ಗಾಡಿಯ ಟೈರ್ ಮೂರು, ತಲಾ 145 ಡಾಲರ್.

ಗ್ಯಾಸ್ ಕೆಲಸಕ್ಕೂ 240 ವೋಲ್ಟಿನ ಮನೆ ಕರೆಂಟಿನ ಕೆಲಸಕ್ಕೂ ನಾನು ಕೈ ಹಾಕಲಿಲ್ಲ. ಲೈಸೆನ್ಸ್ ಇದ್ದವರೇ ಮಾಡಬೇಕು, ಕಾನೂನು ಹಾಗಿದೆ, ಹಾಗಿರುವುದು ಸರಿ ಕೂಡ. ಗ್ಯಾಸಿನವರು ಬಂದು ಹಳೆಯ ಹೋಸ್, ರೆಗ್ಯುಲೇಟರ್ ಬದಲಿಸಿ, ಸೋರಿಕೆ ಪರೀಕ್ಷಿಸಿ, ಸರ್ಟಿಫಿಕೇಟ್ ಕೊಟ್ಟರು. 410 ಡಾಲರ್. ಹೋಸ್ ಮಡಿಸಿದರೆ ಬಿರುಕು ಬಿಡುತ್ತಿತ್ತು.

5. ಫ್ರಿಜ್‌ಗೆ 12 ವೋಲ್ಟ್ (ಜೂನ್ 17 – ಜುಲೈ 23)

ಫ್ರಿಜ್ ಗ್ಯಾಸ್, 240, 12 ಮೂರರಲ್ಲೂ ಓಡುತ್ತದೆ. ಓಡುವಾಗ ಕಾರಿನ 12 ವೋಲ್ಟ್. ಹಳೆಯ ವೈರ್ ಕೂದಲಿನಷ್ಟು ತೆಳ್ಳಗಿತ್ತು. ಕಾರಿನ ಬ್ಯಾಟರಿಯಿಂದ ಫ್ರಿಜ್‌ವರೆಗೆ ಹೊಸ ಕೇಬಲ್ ಬೇಕು, ಹೋಗಲು ಸುಮಾರು 9 ಮೀಟರ್, ಬರಲು ಅಷ್ಟೇ.

ಅಂಗಡಿಯಲ್ಲಿ '6 ಎಂ.ಎಂ. ಆಟೋ ಕೇಬಲ್' ಅಂತ ಇತ್ತು. ನಮ್ಮೂರಲ್ಲಿ ಬೋರ್‌ವೆಲ್ ಮೋಟರ್‌ಗೆ 6 ಸ್ಕ್ವೇರ್ ಎಂ.ಎಂ. ಅಂದರೆ ಒಳಗಿನ ಲೋಹದ ಅಳತೆ. ಇದೂ ಹಾಗೇ ಅಂದುಕೊಂಡು 85 ಡಾಲರ್ ಕೊಟ್ಟೆ. ಎರಡು ಶನಿವಾರ ಚಾಸಿಯ ಕೆಳಗೆ ಮಲಗಿ, ಸೈಲೆನ್ಸರ್ ಪೈಪಿನಿಂದ ದೂರವಾಗಿ, ಕಾಂಡುಯಿಟ್ ಒಳಗೆ ಎಳೆದೆ. ಕಾರು ಕ್ಯಾರವಾನ್ ನಡುವೆ 50 ಆಂಪಿಯರಿನ ಆಂಡರ್ಸನ್ ಪ್ಲಗ್, ಬ್ಯಾಟರಿ ಪಕ್ಕ ಫ್ಯೂಸಿನ ಹಾಗೆ ಕರೆಂಟ್ ಕಡಿಯುವ ಬ್ರೇಕರ್.

ಎಂಜಿನ್ ಚಾಲೂ ಮಾಡಿ ನೋಡಿದೆ. ಬ್ಯಾಟರಿಯಲ್ಲಿ 13.9 ವೋಲ್ಟ್. ಫ್ರಿಜ್ ಆನ್ ಆದಾಗ ಅದರ ತುದಿಯಲ್ಲಿ 12.4. ನಾಲ್ಕು ಗಂಟೆ ಸುತ್ತಾಡಿ ಬಂದರೆ ಫ್ರಿಜ್ ಒಳಗೆ 11 ಡಿಗ್ರಿ. ಹಾಲು ಇಡಲಾಗದು.

ಪ್ಲಗ್ ಬಿಚ್ಚಿ ಮತ್ತೆ ಕಟ್ಟಿದೆ. ಅರ್ತ್ ಜಾಗ ಉಜ್ಜಿದೆ. ಫ್ರಿಜ್ಜಿನದೇ ದೋಷ ಇರಬೇಕು ಅಂತ ಒಂದು ವಾರ ಅದರ ಹಿಂದೆ ಬಿದ್ದೆ. ಕೊನೆಗೆ ಅಪ್ಪ ಉಳಿದ ಕೇಬಲ್ ತುಂಡಿನ ಸಿಪ್ಪೆ ಸುಲಿದು, "ಇದು ಆರು ಅಲ್ಲ, ನಾಲ್ಕೂವರೆ ಇರಬಹುದು ನೋಡು" ಅಂದರು. ರೀಲಿನ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 4.59 ಅಂತ ಇತ್ತು. ಇಲ್ಲಿ ಆಟೋ ಕೇಬಲ್‌ಗೆ ಹೇಳುವ 6 ಎಂ.ಎಂ. ಪ್ಲಾಸ್ಟಿಕ್ ಸಿಪ್ಪೆ ಸೇರಿದ ಹೊರಗಿನ ದಪ್ಪ. ತಾಮ್ರ 4.59 ಸ್ಕ್ವೇರ್ ಮಾತ್ರ. ಎರಡನೇ ಸಲ ನನಗೆ ಇದೇ ಆದದ್ದು. ಬೇರಿಂಗ್‌ನಲ್ಲೂ ಹೆಸರು ಕೇಳಿ ತಂದೆ, ಇಲ್ಲೂ ಹೆಸರು ಓದಿ ತಂದೆ.

6 ಬಿ ಆಂಡ್ ಎಸ್ ಅನ್ನುವ ಕೇಬಲ್ ತಂದೆ. ಅದರ ತಾಮ್ರ 13.5 ಸ್ಕ್ವೇರ್ ಎಂ.ಎಂ. 130 ಡಾಲರ್. ಹಳೆಯದರ ತುದಿಗೆ ಹೊಸದನ್ನು ಕಟ್ಟಿ ಎಳೆದದ್ದರಿಂದ ಒಂದೇ ದಿನದಲ್ಲಿ ಮುಗಿಯಿತು. ಈಗ ಫ್ರಿಜ್ ತುದಿಯಲ್ಲಿ 13.4. ಹಿಂಬದಿಯ ಮೇಲಿನ ಜಾಲರಿಯ ಹತ್ತಿರ ಕಂಪ್ಯೂಟರಿನ ಎರಡು ಸಣ್ಣ ಫ್ಯಾನ್ ಕೂರಿಸಿದೆ, ಬಿಸಿ ಗಾಳಿ ಹೊರಗೆ ಹೋಗಲು. ಹಿಂದಿನ ರಾತ್ರಿಯೇ 240ರಲ್ಲಿ ತಣ್ಣಗೆ ಮಾಡಿ ಹೊರಟರೆ ದಿನವಿಡೀ 5 ಡಿಗ್ರಿ ನಿಲ್ಲುತ್ತದೆ. ಬಿಸಿಯಿದ್ದ ಫ್ರಿಜ್ಜನ್ನು 12 ವೋಲ್ಟಿನಲ್ಲೇ ತಣಿಸಲು ಹೋಗಬೇಡಿ, ಆಗುವುದಿಲ್ಲ.

6. ತೂಕ (ಆಗಸ್ಟ್ 12 – 20)

ಸಾಮಾನು ತುಂಬಿ ಜೀಲಾಂಗ್ ಕಡೆಗೆ ಪ್ರಿನ್ಸಸ್ ಫ್ರೀವೇಯಲ್ಲಿ ಪರೀಕ್ಷೆಗೆ ಹೋದೆವು. 95 ದಾಟುತ್ತಿದ್ದ ಹಾಗೆ ಪಕ್ಕದಲ್ಲಿ ಲಾರಿ ಹೋಯಿತು. ಕ್ಯಾರವಾನ್ ಹಾವಿನ ಹಾಗೆ ಹೊರಳತೊಡಗಿತು. ಕಾರಿನ ಹಿಂಭಾಗವನ್ನೇ ಎತ್ತಿ ಎತ್ತಿ ಹಾಕುತ್ತಿತ್ತು. ಆಕ್ಸಿಲರೇಟರ್ ಬಿಟ್ಟು, ಕಾರಿನ ಬ್ರೇಕ್ ಮುಟ್ಟದೆ, ಕಂಟ್ರೋಲರ್ ಗುಂಡಿ ಒತ್ತಿ ಕ್ಯಾರವಾನಿನ ಬ್ರೇಕ್ ಮಾತ್ರ ಹಾಕಿದೆ. ನಿಂತಿತು. ಹೆಂಡತಿ ಮಾತಾಡಲಿಲ್ಲ. ಮಗಳು ಅಳುತ್ತಿದ್ದಳು. ಈ ಏಳು ತಿಂಗಳಲ್ಲಿ ನನಗೆ ನಿಜವಾಗಿ ಭಯವಾದದ್ದು ಇದೊಂದೇ ಸಲ.

ಮರುದಿನ ತೂಕದ ಕಾಂಟಾಕ್ಕೆ ಹೋದೆ. ಒಟ್ಟು 1,390 ಕೆ.ಜಿ., ಮಿತಿಯ ಒಳಗೇ ಇತ್ತು. ತೊಂದರೆ ಇದ್ದದ್ದು ಮುಂದಿನ ಕೊಕ್ಕೆಯ ಮೇಲಿನ ಭಾರದಲ್ಲಿ. ಒಟ್ಟು ತೂಕದ ಸುಮಾರು ಹತ್ತನೇ ಒಂದು ಭಾಗ ಅಲ್ಲಿ ಕೂರಬೇಕು ಅನ್ನೋದು ಇಲ್ಲಿನ ರೂಢಿ. ಅಳೆಯಲು ಬೇರೆ ಸಾಧನ ಬೇಡ. ಮನೆಯ ತೂಕದ ಮೆಷಿನ್ ನೆಲದ ಮೇಲಿಟ್ಟು, ಅದರ ಮೇಲೆ ಎಳೆಯುವಾಗಿನ ಎತ್ತರಕ್ಕೆ ಸರಿಯಾಗಿ ಕತ್ತರಿಸಿದ ಮರದ ತುಂಡು ನಿಲ್ಲಿಸಿ, ಕೊಕ್ಕೆಯನ್ನು ಅದರ ಮೇಲೆ ಇಳಿಸಿ, ಮುಂದಿನ ಸಣ್ಣ ಚಕ್ರವನ್ನು ಮೇಲೆತ್ತಬೇಕು. ಕ್ಯಾರವಾನಿನ ಚಕ್ರಗಳಿಗೆ ಅಡ್ಡಗಲ್ಲು ಮರೆಯಬಾರದು. ನಮ್ಮದು 68 ಕೆ.ಜಿ. ತೋರಿಸಿತು. ಇರಬೇಕಾದ್ದರ ಅರ್ಧ.

ಕಾರಣ ನಾನೇ. ಹಿಂದಿನ ಬೆಂಚಿನ ಕೆಳಗೆ ಜಾಗ ಇದೆ ಅಂತ ಟೂಲ್ ಬಾಕ್ಸ್, 20 ಲೀಟರಿನ ಎರಡು ನೀರಿನ ಕ್ಯಾನ್, ಅಕ್ಕಿ, ಬೇಳೆ, ಕುಕ್ಕರ್, ದೋಸೆ ಕಾವಲಿ ಎಲ್ಲಾ ಅಲ್ಲಿಗೇ ತುಂಬಿದ್ದೆ. ಟೂಲ್ ಬಾಕ್ಸ್ ಕಾರಿಗೆ ಹೋಯಿತು. ನೀರು, ಅಡುಗೆ ಸಾಮಾನು ಆಕ್ಸಲ್‌ಗಿಂತ ಸ್ವಲ್ಪ ಮುಂದೆ, ನೆಲಕ್ಕೆ. ಮತ್ತೆ ಅಳೆದೆ, 134. ಅದೇ ರಸ್ತೆ, ಅದೇ ವೇಗ, ಲಾರಿ ಪಕ್ಕದಲ್ಲಿ ಹೋದರೂ ಗಾಡಿ ಅಲ್ಲಾಡಲಿಲ್ಲ.

7. ದಾರಿಯಲ್ಲಿ (ಸೆಪ್ಟೆಂಬರ್ 16 – 30)

*16ನೇ ತಾರೀಕು.* ಬೆಂಡಿಗೋ ದಾಟಿ ಕಾಲ್ಡರ್ ಹೈವೇ. ನಿಂತಲ್ಲೆಲ್ಲ ಚಕ್ರದ ನಡುಭಾಗದ ಬಿಸಿ ನೋಡುವುದು ನಮ್ಮ ನಿಯಮ. ಅದಕ್ಕೆಂದೇ 35 ಡಾಲರಿನ ಇನ್‌ಫ್ರಾರೆಡ್ ಥರ್ಮಾಮೀಟರ್ ತಂದಿದ್ದೆ. ಚಾರ್ಲ್‌ಟನ್‌ನಲ್ಲಿ ಎಡ 41, ಬಲ 58. ವೈಚೆಪ್ರೂಫ್‌ನಲ್ಲಿ ಊರಿನ ಮುಖ್ಯ ಬೀದಿಯ ನಡುವೆಯೇ ರೈಲು ಹಳಿ ಇದೆ. ಅಲ್ಲಿ ಪಾರ್ಕಿನ ಪಕ್ಕ ನಿಲ್ಲಿಸಿ, ಬಲಗಡೆ ಬ್ರೇಕಿನ ಹಲ್ಲಿನ ಚಕ್ರ ಎರಡು ಹಲ್ಲು ಸಡಿಲಿಸಿದೆ. ಸೀ ಲೇಕ್ ತಲುಪಿದಾಗ ಎಡ 42, ಬಲ 45. ರಾತ್ರಿ ಅಲ್ಲೇ.

*18.* ಮಿಲ್ಡೂರಾ, ವೆಂಟ್‌ವರ್ತ್ ದಾಟಿ ಬ್ರೋಕನ್ ಹಿಲ್. ಮಿಲ್ಡೂರಾದಿಂದ ಹತ್ತಿರ ಹತ್ತಿರ 300 ಕಿ.ಮೀ., ವೆಂಟ್‌ವರ್ತ್ ಬಿಟ್ಟರೆ ನಡುವೆ ಊರೇ ಇಲ್ಲ. ಕೆಂಪು ಮಣ್ಣು, ಗಿಡ್ಡ ಪೊದೆ, ರಸ್ತೆ ಪಕ್ಕ ಎಮು. ಸಂಜೆ ನಾಲ್ಕರ ಮೇಲೆ ಓಡಿಸಬೇಡಿ, ಕಾಂಗರೂ ರಸ್ತೆಗೆ ಬರುತ್ತವೆ. ಬ್ರೋಕನ್ ಹಿಲ್ ಇರುವುದು ನ್ಯೂ ಸೌತ್ ವೇಲ್ಸ್‌ನಲ್ಲಿ, ಗಡಿಯಾರ ಮಾತ್ರ ಸೌತ್ ಆಸ್ಟ್ರೇಲಿಯಾದ್ದು, ಅರ್ಧ ಗಂಟೆ ಹಿಂದೆ. ಈ ಗಣಿಯೂರಿಗೆ ಕುಡಿಯುವ ನೀರು ಈಗ ಬರುವುದು ವೆಂಟ್‌ವರ್ತ್ ಹತ್ತಿರದ ಮರ್ರೆ ನದಿಯಿಂದ, 270 ಕಿ.ಮೀ. ಪೈಪಿನಲ್ಲಿ. ನಾವು ಬಂದದ್ದೂ ಅದೇ ದಿಕ್ಕಿನಿಂದ.

ಅಪ್ಪ ಇಲ್ಲಿ ಜಾಸ್ತಿ ಹೊತ್ತು ನಿಂತದ್ದು 1887ರ ಒಂದು ಪುಟ್ಟ ಮಸೀದಿಯ ಮುಂದೆ. ತಗಡಿನ ಗೋಡೆ, ತಗಡಿನ ಮಾಡು. ಒಂಟೆ ನಡೆಸಲು ಬಂದವರು ಕಟ್ಟಿಕೊಂಡದ್ದು. ಅವರಲ್ಲಿ ತುಂಬ ಜನ ಆಗಿನ ಬ್ರಿಟಿಷ್ ಇಂಡಿಯಾದ ಕಡೆಯವರು. ರೈಲು, ಲಾರಿ ಬರುವ ಮೊದಲು ಈ ಸೀಮೆಯ ಸಾಮಾನು ಸಾಗಿದ್ದು ಅವರ ಒಂಟೆಗಳ ಬೆನ್ನಿನ ಮೇಲೆ.

*22.* ಸೌತ್ ಆಸ್ಟ್ರೇಲಿಯಾ ಒಳಗೆ ಹೋಗುವಾಗ ಊಡ್ಲಾ ವಿರ್ರಾದಲ್ಲಿ ತಪಾಸಣೆ ಇದೆ. ಹಣ್ಣಿನ ನೊಣ ಬರಬಾರದು ಅಂತ ಹಸಿ ಹಣ್ಣು, ತರಕಾರಿ ಬಿಡುವುದಿಲ್ಲ. ಹೆಂಡತಿ ಹಿಂದಿನ ರಾತ್ರಿಯೇ ಟೊಮೆಟೊ ಎಲ್ಲಾ ಗೊಜ್ಜು ಮಾಡಿದ್ದಳು. ನಿಂಬೆ ಹಿಂಡಿ ಬಾಟಲಿಗೆ ಹಾಕಿದ್ದಳು. ಬಾಗಿಲ ಚೀಲದಲ್ಲಿದ್ದ ಒಂದು ಹಿಡಿ ಹಸಿಮೆಣಸಿನಕಾಯಿ ಮಾತ್ರ ಮರೆತಿದ್ದೆವು, ಅದು ಅಲ್ಲೇ ಡಬ್ಬಕ್ಕೆ ಹೋಯಿತು.

ರಾತ್ರಿ ಪೀಟರ್‌ಬರೊ. ಒಂದು ಕಾಲದಲ್ಲಿ ಮೂರು ಬೇರೆ ಬೇರೆ ಅಗಲದ ರೈಲು ಹಳಿಗಳು ಕೂಡುತ್ತಿದ್ದ ಜಂಕ್ಷನ್ ಇದು. ಮೂರೂ ಹಳಿ ಕೂರುವ ಟರ್ನ್‌ಟೇಬಲ್ ಅನ್ನು ಹಾಗೇ ಉಳಿಸಿದ್ದಾರೆ. ನಮ್ಮ ಕಡೆ ಮೀಟರ್ ಗೇಜ್ ಕಿತ್ತು ಬ್ರಾಡ್ ಗೇಜ್ ಹಾಕಿದ್ದನ್ನು ಕಂಡ ಅಪ್ಪ ಹಳಿಗಳ ನಡುವಿನ ಅಗಲವನ್ನು ಹೆಜ್ಜೆ ಹಾಕಿ ಅಳೆದರು.

*24 – 27.* ಕ್ವಾರ್ನ್‌ನಿಂದ ಹಾಕರ್ 66 ಕಿ.ಮೀ. ದಾರಿಯಲ್ಲಿ ಕನ್ಯಾಕಾ ಅನ್ನುವಲ್ಲಿ ಪಾಳುಬಿದ್ದ ಕಲ್ಲಿನ ಮನೆಗಳಿವೆ. ಈ ಸೀಮೆಯಲ್ಲಿ ಮಳೆ ಎಲ್ಲಿಯವರೆಗೆ ನಂಬಬಹುದು ಅಂತ 1865ರಲ್ಲಿ ಜಾರ್ಜ್ ಗಾಯ್ಡರ್ ಅನ್ನುವ ಸರ್ವೇಯರ್ ಒಂದು ಗೆರೆ ಎಳೆದು ತೋರಿಸಿದ್ದರು. ಕೆಲವು ಒಳ್ಳೆಯ ಮಳೆಗಾಲ ಬಂದಾಗ ಜನ ಆ ಗೆರೆ ದಾಟಿ ಗೋಧಿ ಬಿತ್ತಿದರು. ಆಮೇಲೆ ಬರ ಬಂತು. ಅಪ್ಪ ಒಂದು ಹಿಡಿ ಮಣ್ಣು ತೆಗೆದು ಉಜ್ಜಿ ನೋಡಿ ಕೆಳಗೆ ಬಿಟ್ಟರು.

ಹಾಕರ್ ಆಚೆ ಒಂದು ಕುರಿ ಸ್ಟೇಷನ್ನಿನ (ದೊಡ್ಡ ಕುರಿ ಫಾರ್ಮ್) ಕ್ಯಾಂಪ್‌ಗೆ 18 ಕಿ.ಮೀ. ಮಣ್ಣಿನ ರಸ್ತೆ, ರಾಗಿ ಬೀಸುವ ಕಲ್ಲಿನ ಹಾಗೆ ಬರೀ ಸಾಲು ಸಾಲು ಉಬ್ಬು. ಹೋಗುವಾಗ ಟೈರಿನ ಗಾಳಿ 45ರಲ್ಲೇ ಬಿಟ್ಟು 60ರ ವೇಗದಲ್ಲಿ ಹೋದೆ. ಬಾಗಿಲು ತೆಗೆದರೆ ಒಳಗೆಲ್ಲ ಕೆಂಪು ಪುಡಿ. ಮೇಲಿನ ಕಪಾಟಿನ ಚಿಲಕ ಬಿಚ್ಚಿ ತೊಗರಿಬೇಳೆ ನೆಲದ ಮೇಲೆ. ನೀರಿನ ಟ್ಯಾಂಕಿನ ಪೈಪ್ ಅದುರಿ ಸಡಿಲವಾಗಿ 60 ಲೀಟರಿನಲ್ಲಿ ಅರ್ಧ ಸೋರಿತ್ತು. ನಾನು ತಂದಿದ್ದ ಕ್ಲಿಪ್ ಒಂದು ಸೈಜ್ ದೊಡ್ಡದು. ಸ್ಟೇಷನ್ನಿನ ಮಾಲೀಕರು ಕೊಟ್ಟಿಗೆಯಿಂದ ಸರಿಯಾದದ್ದು ಹುಡುಕಿ ಕೊಟ್ಟರು, ದುಡ್ಡು ಬೇಡ ಅಂದರು.

ಬರುವಾಗ ಗಾಳಿ 32ಕ್ಕೆ ಇಳಿಸಿದೆ, ವೇಗ 40. ಕಪಾಟಿಗೆ ಬೆಲ್ಟ್ ಕಟ್ಟಿದೆ. ಛಾವಣಿಯ ಮುಂದಿನ ಕಿಂಡಿಯನ್ನು ಮುಂದಕ್ಕೆ ಸ್ವಲ್ಪ ತೆರೆದಿಟ್ಟೆ, ಗಾಳಿ ಒಳಗೆ ತುಂಬಿ ಧೂಳು ಹೊರಗೇ ಉಳಿಯಲಿ ಅಂತ. ಬಾಗಿಲ ಕೆಳಗೂ ಫ್ರಿಜ್ಜಿನ ಹೊರ ಜಾಲರಿಗೂ ಟೇಪ್ ಅಂಟಿಸಿದೆ. ಧೂಳು ತುಂಬ ಕಡಿಮೆಯಾಯಿತು. ಫ್ರಿಜ್ ಜಾಲರಿಯ ಟೇಪ್ ಮಾತ್ರ ಗಾಡಿ ನಿಂತ ಕೂಡಲೇ ಕಿತ್ತು ಹಾಕಬೇಕು. ಅದು ಮುಚ್ಚಿರುವಾಗ ಗ್ಯಾಸ್ ಹಚ್ಚಿದರೆ ಜೀವಕ್ಕೇ ಅಪಾಯ. ನಾನು ಫ್ರಿಜ್ ಗುಂಡಿಯ ಮೇಲೂ ಅದೇ ಟೇಪಿನ ತುಂಡು ಅಂಟಿಸಿದ್ದೆ, ಮರೆಯದಿರಲಿ ಅಂತ.

ಅಡಿಲೇಡ್ ಮೇಲೆ ಹಾದು 30ಕ್ಕೆ ಮನೆ. ಒಟ್ಟು ಸುಮಾರು 2,600 ಕಿ.ಮೀ.

8. ಲೆಕ್ಕ, ಉಳಿದ ಕೆಲಸ

ಗೋಡೆ 310, ಬೇರಿಂಗ್ ಮತ್ತು ಗ್ರೀಸ್ 140, ಬ್ರೇಕ್ 232, ಟೈರ್ 435, ಗ್ಯಾಸ್ 410, ಕೇಬಲ್, ಪ್ಲಗ್, ಫ್ಯಾನ್ ಸೇರಿ 300, ತೂಕದ ಕಾಂಟಾ ಎರಡು ಸಲ 50, ಥರ್ಮಾಮೀಟರ್ 35. ಒಟ್ಟು 1,912 ಡಾಲರ್. ಇದರಲ್ಲಿ ಸಿಲಿಕೋನ್, ತಪ್ಪು ಬೇರಿಂಗ್, ಬೇಡವಾದ ಮ್ಯಾಗ್ನೆಟ್, ತಪ್ಪು ಕೇಬಲ್ ಸೇರಿ 237 ಡಾಲರ್ ನೀರಿನಲ್ಲಿ ಹೋಯಿತು.

ಅಕ್ಟೋಬರ್ ಮೊದಲ ವಾರ ಮಳೆ ಬಂದಾಗ ಮುಂದಿನ ಗೋಡೆ ಒಣಗಿಯೇ ಇತ್ತು, ಮೀಟರ್ 13. ಆದರೆ ಛಾವಣಿಯ ಕಿಂಡಿಯ ಪಕ್ಕ ಹೊಸ ಕಲೆ ಕಾಣಿಸಿದೆ, ಅಲ್ಲಿ 19. ಆ ಮಣ್ಣಿನ ರಸ್ತೆಯಲ್ಲಿ ತೆರೆದಿಟ್ಟದ್ದಕ್ಕೆ ಅದರ ರಬ್ಬರ್ ಜಾರಿರಬೇಕು. ಬ್ಯುಟೈಲ್ ಟೇಪ್ ಒಂದು ರೋಲ್ ಉಳಿದಿದೆ. ಅಪ್ಪ ಹೊರಡುವುದು 20ಕ್ಕೆ. ಅದರೊಳಗಿನ ಶನಿವಾರ ಕಿಂಡಿ ಬಿಚ್ಚುತ್ತೇವೆ. ಟಾರ್ಚ್ ಹಿಡಿದು ಒಳಗೆ ಕೂರಲು ಮಗಳು ಒಪ್ಪಿದ್ದಾಳೆ.